ನಿವೇಶನದ ಮೇಲೆ ನಿಂತು ಹಾರುವ ಹಕ್ಕಿ

ಪ್ರಶ್ನೆ: ಬೆಂಗಳೂರಿನ ಹೊರವಲಯದ ನಮ್ಮ ಬಡಾವಣೆಯಲ್ಲಿ ಕಾಗೆಗಿಂತ ಚಿಕ್ಕದಾದ, ಬೂದು-ಬಿಳಿ ಬಣ್ಣದ, ಕೆಂಪು ಕಣ್ಣಿನ ಹಕ್ಕಿಯೊಂದು ಕರೆಂಟು ತಂತಿಯ ಮೇಲೆ ಕೂರುತ್ತದೆ. ಯಾವುದದು? ಊರೊಳಗೆ ಅದಕ್ಕೇನು ಕೆಲಸ?

ಉತ್ತರ: ನಿಮ್ಮ ವರ್ಣನೆ ಕಪ್ಪು ರೆಕ್ಕೆಯ ಹದ್ದಿಗೆ ಚೆನ್ನಾಗಿ ಹೊಂದುತ್ತದೆ. ಭುಜದ ಮೇಲೆ ಕಪ್ಪು ಪಟ್ಟೆ ಇದೆಯೇ, ಕೂತಾಗ ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆಯೇ ನೋಡಿ. ಇದ್ದರೆ ಅನುಮಾನವೇ ಬೇಡ.

ಇದು ಹುಲ್ಲುಗಾವಲು, ಹೊಲಗಳ ಹಕ್ಕಿ. ಹೆಸರಘಟ್ಟದಂಥ ಬಯಲೇ ಅದರ ತವರು. ಆದರೆ ಮಾರಾಟವಾಗಿಯೂ ಮನೆ ಏಳದ ನಿವೇಶನ ಅದರ ಕಣ್ಣಿಗೆ ಬಯಲೇ. ಹುಲ್ಲು ಬೆಳೆಯುತ್ತದೆ, ಕಸ ಸುರಿಯುತ್ತಾರೆ, ಇಲಿಗಳು ಹೆಚ್ಚುತ್ತವೆ. ಇಲಿಯೇ ಅದರ ಮುಖ್ಯ ಊಟ. ಮಿಡತೆ, ಓತಿಕೇತವೂ ಆದೀತು. ಒಂಟಿ ಮರದ ತುದಿಯ ಬದಲಿಗೆ ತಂತಿ ಸಿಕ್ಕಿದೆ, ಅಷ್ಟೇ.

ಬೆಳಗಿನ ಎಳೆಬಿಸಿಲಲ್ಲಿ ಅಥವಾ ಸಂಜೆಯ ಇಳಿಬಿಸಿಲಲ್ಲಿ ಕಾಯಿರಿ. ಗಾಳಿಗೆ ಎದುರಾಗಿ ರೆಕ್ಕೆ ಬಡಿಯುತ್ತ ಆಕಾಶದಲ್ಲಿ ಒಂದೇ ಕಡೆ ನಿಲ್ಲುತ್ತದೆ. ಆಮೇಲೆ ರೆಕ್ಕೆಗಳನ್ನು ಮೇಲಕ್ಕೆತ್ತಿ, ಕಾಲು ಇಳಿಬಿಟ್ಟು ಹಂತಹಂತವಾಗಿ ಇಳಿಯುತ್ತದೆ. ಹೀಗೆ ನಿಂತು ಹಾರುವ ಇನ್ನೊಂದು ಹಕ್ಕಿ ಚಳಿಗಾಲದ ಅತಿಥಿ ಕೆಸ್ಟ್ರೆಲ್. ಅದರ ಬೆನ್ನು ಇಟ್ಟಿಗೆ ಬಣ್ಣ. ಕಸದ ರಾಶಿಯ ಮೇಲೆ ಸುತ್ತುವ ಕಂದು ಹದ್ದಂತೂ ಇದಕ್ಕಿಂತ ಬಹಳ ದೊಡ್ಡದು, ಬಾಲ ಕವಲು.

ಇಲಿ ಪಾಷಾಣ ಇಡುವವರಿಗೆ ಒಂದು ಮಾತು ಹೇಳಿ: ವಿಷ ತಿಂದ ಇಲಿಯನ್ನು ತಿಂದರೆ ಹದ್ದಿಗೂ ಅಪಾಯ. ನಿವೇಶನಗಳಲ್ಲೆಲ್ಲ ಮನೆ ಎದ್ದ ಮೇಲೆ ಇದು ಬೇರೆ ಬಯಲು ಹುಡುಕಿಕೊಂಡು ಹೋಗುತ್ತದೆ, ಈಗಲೇ ಕಣ್ತುಂಬ ನೋಡಿಬಿಡಿ.