ಸೀಟಿ ಊದಿದ ಮೇಲಿನ ಕೆಲಸ

ಬ್ಯಾಸ್ಕೆಟ್‌ಬಾಲ್ ರೆಫರಿಯೆಂದರೆ ತಪ್ಪು ಹಿಡಿದು ಸೀಟಿ ಊದುವವನು ಎಂದೇ ನೋಡುಗರಲ್ಲಿ ಹೆಚ್ಚಿನವರ ಲೆಕ್ಕ. ಆದರೆ ಅವನ ಕೆಲಸದ ಕಷ್ಟದ ಭಾಗ ಶುರುವಾಗುವುದೇ ಸೀಟಿ ಊದಿದ ಮೇಲೆ. ಅಂಕಣದಲ್ಲಿರುವ ಹತ್ತು ಮಂದಿ, ಎರಡೂ ಬೆಂಚುಗಳು, ಸ್ಕೋರರ್ ಮೇಜು, ಜೊತೆಯ ರೆಫರಿಗಳು, ಇಷ್ಟೂ ಜನಕ್ಕೆ ಏನಾಯಿತೆಂಬುದು ಕೆಲವೇ ಕ್ಷಣಗಳಲ್ಲಿ ತಿಳಿಯಬೇಕು. ತಿಳಿಯದಿದ್ದರೆ ಅದು ತೀರ್ಪಲ್ಲ, ರೆಫರಿಯ ತಲೆಯೊಳಗಿನ ಅಭಿಪ್ರಾಯ ಮಾತ್ರ. ಈ ಆಟ ಹುಟ್ಟಿದಾಗಲೇ ಈ ವಿಚಾರವೂ ಹುಟ್ಟಿದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಇಬ್ಬರು ಅಧಿಕಾರಿಗಳಿದ್ದಾರೆ. ಅಂಪೈರ್ ಆಟಗಾರರ ಮೇಲೆ ಕಣ್ಣಿಟ್ಟು ಫೌಲ್‌ಗಳನ್ನು ಗುರುತು ಹಾಕಿಕೊಳ್ಳಬೇಕು, ಒಂದೇ ತಂಡ ಸತತ ಮೂರು ಫೌಲ್ ಮಾಡಿದರೆ ರೆಫರಿಗೆ ತಿಳಿಸಬೇಕು. ರೆಫರಿ ಚೆಂಡನ್ನೂ ಸಮಯವನ್ನೂ ನೋಡಿಕೊಳ್ಳಬೇಕು. ನೋಡುವುದರಷ್ಟೇ ಹೇಳುವುದೂ ಕರ್ತವ್ಯ ಎಂದು ಆಗಲೇ ಬರೆದಿಟ್ಟಂತಾಯಿತು.

ಹೇಳುವುದಕ್ಕೆ ಇಂದು ಕೈಗಳದ್ದೇ ಒಂದು ಭಾಷೆಯಿದೆ. ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದಂತೆ ನಡೆಯುವ ಪಂದ್ಯವೊಂದರಲ್ಲಿ 23ನೇ ನಂಬರಿನ ಆಟಗಾರ ಶೂಟ್ ಮಾಡುತ್ತಿದ್ದ ಎದುರಾಳಿಗೆ ಅಡ್ಡ ನಿಂತು ಡಿಕ್ಕಿಯಾದ ಎನ್ನಿ. ರೆಫರಿ ಸೀಟಿಯ ಜೊತೆಗೇ ಮುಷ್ಟಿ ಬಿಗಿದು ಕೈ ಮೇಲೆತ್ತುತ್ತಾನೆ. ಗಡಿಯಾರ ನಿಲ್ಲಿಸಿ, ಇದು ಫೌಲ್ ಎಂದರ್ಥ. ಬೆರಳು ಬಿಡಿಸಿದ ಅಂಗೈ ಮೇಲೆ ಹೋಗಿದ್ದರೆ ಫೌಲ್ ಅಲ್ಲ, ಬರೀ ನಿಯಮಭಂಗ. ಆಮೇಲೆ ಮೇಜಿನವರಿಗೆ ಚೆನ್ನಾಗಿ ಕಾಣುವ ಜಾಗದಲ್ಲಿ ನಿಂತು, ಮೊದಲು ಕೈಯ ಹಿಂಬದಿ ತೋರಿಸಿ ಎರಡು ಬೆರಳು, ಬಳಿಕ ಅಂಗೈ ತಿರುಗಿಸಿ ಮೂರು ಬೆರಳು ಎತ್ತುತ್ತಾನೆ. ಹಿಂಬದಿ ಹತ್ತರ ಸ್ಥಾನ, ಅಂಗೈ ಬಿಡಿ ಸ್ಥಾನ. ಎರಡೂ ಕೈ ಸೊಂಟದ ಮೇಲೆ ಹೋದರೆ ಅಡ್ಡಗಟ್ಟಿದ ಫೌಲ್. ಕೊನೆಗೆ ಎರಡು ಬೆರಳು: ಎರಡು ಫ್ರೀ ಥ್ರೋ. ಯಾರು, ಏನು, ಮುಂದೇನು, ಇದೇ ಕ್ರಮ, ಹಿಂದುಮುಂದಾಗುವಂತಿಲ್ಲ. ಅಮೆರಿಕದ ಕಾಲೇಜು ಆಟದಲ್ಲಂತೂ ರೆಫರಿಯ ಒಂದು ಕೈಗೆ ಐದೇ ಬೆರಳು ಎಂಬ ಕಾರಣಕ್ಕೆ ಆರರಿಂದ ಒಂಬತ್ತರವರೆಗಿನ ಅಂಕಿಗಳು ಜೆರ್ಸಿಯ ಮೇಲೆ ಬರುವಂತೆಯೇ ಇರಲಿಲ್ಲ. ಆ ನಿರ್ಬಂಧ ಸಡಿಲವಾದದ್ದು 2023-24ರ ಸೀಸನ್‌ನಲ್ಲಿ. 2017 ಮತ್ತು 2019ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ಜಪಾನ್, ಚೀನಾ, ಕೊರಿಯಾ, ಆಸ್ಟ್ರೇಲಿಯಾ ತಂಡಗಳಿಗೂ ಗ್ಯಾಲರಿಯಲ್ಲಿ ಕೂತ ನಮ್ಮವರಿಗೂ ಸಮಾನವಾಗಿ ಅರ್ಥವಾಗುತ್ತಿದ್ದ ಭಾಷೆಯೆಂದರೆ ಈ ಕೈಸನ್ನೆಯೊಂದೇ.

ಸುದ್ದಿ ತಲುಪದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ಗಿಂತ ದೊಡ್ಡ ಸಾಕ್ಷಿ ಬೇಡ. ಮೂರು ಸೆಕೆಂಡ್ ಉಳಿದಿದ್ದಾಗ ಅಮೆರಿಕದ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ ಹಾಕಿ ತಂಡವನ್ನು 50-49ರಲ್ಲಿ ಮುಂದೆ ತಂದ. ಎರಡನೇ ಎಸೆತದ ಹೊತ್ತಿಗೆ ಮೇಜಿನಿಂದ ಹಾರ್ನ್ ಮೊಳಗಿತು. ನಾವು ಟೈಮ್‌ಔಟ್ ಕೇಳಿದ್ದೆವು ಎಂದು ಸೋವಿಯತ್ ಕಡೆಯವರ ವಾದ. ಆದರೆ ಆ ಕೋರಿಕೆ ಬ್ರೆಜಿಲ್ ಮತ್ತು ಬಲ್ಗೇರಿಯದ ಇಬ್ಬರು ರೆಫರಿಗಳನ್ನು ಮುಟ್ಟಿರಲಿಲ್ಲ. ಆಟ ಮುಂದುವರಿಯಿತು, ಒಂದು ಸೆಕೆಂಡ್ ಇರುವಾಗ ಗದ್ದಲದಲ್ಲಿ ನಿಂತಿತು. ಫಿಬಾದ ಪ್ರಧಾನ ಕಾರ್ಯದರ್ಶಿ ವಿಲಿಯಂ ಜೋನ್ಸ್ ಆಸನದಿಂದ ಇಳಿದುಬಂದು ಮೂರು ಸೆಕೆಂಡ್ ವಾಪಸ್ ಕೊಡಿಸಿದರು. ಗಡಿಯಾರ ಸರಿಪಡಿಸುವ ಮೊದಲೇ ಚೆಂಡು ಒಳಗೆ ಬಂತು, ಅಮೆರಿಕನ್ನರು ಗೆದ್ದೆವೆಂದು ಕುಣಿದರು. ಮತ್ತೊಮ್ಮೆ ಆಡಿಸಿದಾಗ ಸೋವಿಯತ್ ತಂಡದ ಅಲೆಕ್ಸಾಂಡರ್ ಬೆಲೋವ್ ಬುಟ್ಟಿಗೆ ಹಾಕಿದ, 51-50. ರೆಫರಿ ರೆನಾಟೊ ರಿಗೆಟ್ಟೊ ಸ್ಕೋರ್ ಶೀಟಿಗೆ ಸಹಿ ಹಾಕಲು ಒಪ್ಪಲಿಲ್ಲ, ಅಮೆರಿಕದ ಆಟಗಾರರು ಬೆಳ್ಳಿ ಪದಕ ಮುಟ್ಟಲಿಲ್ಲ. ಇದನ್ನು ಶೀತಲ ಸಮರದ ಒಳಸಂಚಾಗಿ ಓದುವವರೇ ಹೆಚ್ಚು. ನನಗಂತೂ ಇದು ಮೊದಲಿಗೆ ಮೇಜಿಗೂ ಅಂಕಣಕ್ಕೂ ನಡುವೆ ಮಾತು ಕಡಿದುಹೋದ ಕಥೆ. ಸಂಚಿಗೆ ಜಾಗ ಸಿಕ್ಕಿದ್ದರೂ ಸಿಕ್ಕಿದ್ದು ಆ ಬಿರುಕಿನಲ್ಲೇ.

ಸನ್ನೆ ಏನಾಯಿತೆಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಅದಕ್ಕೆ ಬಾಯಿ ಬೇಕು, ಮತ್ತು ಬಾಯಿಗೆ ನಿಯಮ ಬಿಗಿಯಾದ ಬೇಲಿ ಹಾಕಿದೆ. ಫಿಬಾ ಪಂದ್ಯದಲ್ಲಿ ತಂಡದ ಪರವಾಗಿ ರೆಫರಿಯನ್ನು ವಿಚಾರಿಸುವ ಅವಕಾಶ ನಾಯಕನಿಗಿದೆ. ಅದೂ ಚೆಂಡು ನಿಂತಿದ್ದು ಗಡಿಯಾರವೂ ನಿಂತಿರುವಾಗ, ವಿನಯದಿಂದ, ಮಾಹಿತಿಗಾಗಿ ಮಾತ್ರ. ಕೋಚ್ ನಿಂತು ಕೂಗಬಹುದು, ಆದರೆ ಅವರೂ ಸಹಾಯಕ ಕೋಚೂ ಒಟ್ಟಿಗೆ ಎದ್ದು ನಿಲ್ಲುವಂತಿಲ್ಲ. ಈ ಬೇಲಿಯೊಳಗೆ ಒಳ್ಳೆಯ ರೆಫರಿ ಮಾಡುವ ಕೆಲಸ ಸೂಕ್ಷ್ಮವಾದದ್ದು. ಬುಟ್ಟಿಯ ಕೆಳಗೆ ಇಬ್ಬರು ದಾಂಡಿಗರು ತಳ್ಳಾಡುತ್ತಿದ್ದರೆ ಪಕ್ಕದಲ್ಲಿ ಓಡುತ್ತಲೇ ‘ಕೈ, ಕೈ’ ಎನ್ನುತ್ತಾನೆ. ಬುಟ್ಟಿಯ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಜಾಗದಲ್ಲಿ ಕಾಲೂರಿದವನಿಗೆ ‘ಹೊರಗೆ’ ಎನ್ನುತ್ತಾನೆ. ಇಂಥ ಚಿಕ್ಕ ಮಾತಿನಿಂದ ಎಷ್ಟೋ ಸೀಟಿಗಳು ಉಳಿಯುತ್ತವೆ. ಇನ್ನು ಕೋಚ್ ಕಡೆಯಿಂದ ಬರುವ ಮಾತಿನಲ್ಲಿ ಪ್ರಶ್ನೆಗೆ ಉತ್ತರ ಕೊಡುವುದು, ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳದೆ ಬಿಡುವುದು ಈ ಕಸುಬಿನ ಹಳೆಯ ಪಾಠ. ‘ಅವನ ಕಾಲು ಮೊದಲೇ ಊರಿತ್ತಲ್ಲವೇ?’ ಎಂದರೆ ‘ಕಾಲು ಸರಿ, ಭುಜ ಮುಂದೆ ಬಂತು’ ಎಂದು ಓಡುತ್ತಲೇ ಹೇಳಿದರೆ ಸಾಕು. ‘ಏನ್ರೀ ನೋಡ್ತಿದೀರಿ?’ ಎಂಬುದಕ್ಕೆ ಉತ್ತರವಿಲ್ಲ, ಬೇಕಾಗಿಯೂ ಇಲ್ಲ.

ಇದೆಲ್ಲ ಏಕೆ, ನ್ಯಾಯಾಧೀಶ ಯಾರೊಂದಿಗೂ ಹರಟೆ ಹೊಡೆಯುವುದಿಲ್ಲ, ರೆಫರಿಯೂ ಮಾತಿಗಿಳಿದರೆ ಗಂಟಲು ದೊಡ್ಡದಿರುವ ಕೋಚಿಗೂ ಹೆಸರಾಂತ ಆಟಗಾರನಿಗೂ ಅದು ಲಾಭ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಸತ್ವವಿದೆ. ಮಾತಾಡಿಸಿದಷ್ಟೂ ಮುಂದಿನ ಸೀಟಿ ತಮ್ಮ ಕಡೆ ಬೀಳಬಹುದೆಂಬ ಆಸೆಯಿಂದಲೇ ಕೋಚ್‌ಗಳು ಮಾತಿಗೆ ಎಳೆಯುವುದು. ಆದರೆ ಮೌನ ಇದಕ್ಕೆ ಮದ್ದಲ್ಲ. ಮಾತು ಎಲ್ಲರಿಗೂ ಒಂದೇ ಆಗಿರಬೇಕು, ಅಷ್ಟೆ. ಫಿಬಾ ನಿಯಮದಲ್ಲಿ ಇದಕ್ಕೊಂದು ಜಾಣ ಏರ್ಪಾಡಿದೆ: ರೆಫರಿ ಒಬ್ಬ ಆಟಗಾರನಿಗೆ ಎಚ್ಚರಿಕೆ ಕೊಟ್ಟರೆ ಅದನ್ನು ಕೋಚಿಗೂ ತಿಳಿಸಬೇಕು, ಅಂಥದೇ ವರ್ತನೆಗೆ ಆ ಎಚ್ಚರಿಕೆ ಪಂದ್ಯ ಮುಗಿಯುವವರೆಗೆ ಇಡೀ ತಂಡಕ್ಕೆ ಅನ್ವಯಿಸುತ್ತದೆ. ಕಿವಿಮಾತು ಹೀಗೆ ಬಹಿರಂಗ ನೋಟಿಸ್ ಆಗುತ್ತದೆ. ಎರಡೂ ಅಂಗೈ ಸೇರಿಸಿ ಟಿ ಅಕ್ಷರ ಮಾಡುವ ಟೆಕ್ನಿಕಲ್ ಫೌಲ್ ಅದಾದ ಮೇಲಿನ ಮಾತು, ಸಂಭಾಷಣೆ ಮುಗಿಯಿತೆಂಬ ಘೋಷಣೆ. ಅದನ್ನೇ ಮೊದಲ ಮಾತಾಗಿ ಬಳಸಿದರೆ ಏನಾಗುತ್ತದೆಂದು 2007ರ ಏಪ್ರಿಲ್‌ನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಕಂಡಿತು. ಸ್ಯಾನ್ ಆಂಟೋನಿಯೊದ ಟಿಮ್ ಡಂಕನ್ ಬೆಂಚಿನಲ್ಲಿ ಕೂತು ನಕ್ಕನೆಂದು ರೆಫರಿ ಜೋಯಿ ಕ್ರಾಫರ್ಡ್ ಅವನನ್ನು ಹೊರಗಟ್ಟಿದರು. ಡಂಕನ್‌ಗೂ ದಂಡ ಬಿತ್ತು. ಆದರೆ ಲೀಗಿನ ಅತ್ಯಂತ ಅನುಭವಿ ರೆಫರಿಗಳಲ್ಲಿ ಒಬ್ಬರಾದ ಕ್ರಾಫರ್ಡ್‌ರನ್ನು ಕಮಿಷನರ್ ಡೇವಿಡ್ ಸ್ಟರ್ನ್ ಆ ಸೀಸನ್‌ನ ಉಳಿದ ಭಾಗಕ್ಕೂ ಪ್ಲೇಆಫ್‌ಗೂ ಅಮಾನತಿನಲ್ಲಿಟ್ಟರು. ನಿಯಮ ಗೊತ್ತಿಲ್ಲದ್ದಕ್ಕಲ್ಲ, ಆಟಗಾರನೊಂದಿಗೆ ನಡೆದುಕೊಂಡ ರೀತಿಗೆ.

ಕ್ಯಾಮೆರಾ ಬಂದ ಮೇಲೆ ಈ ಮಾತುಗಾರಿಕೆ ಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಎನ್‌ಬಿಎಯಲ್ಲಿ 2019ರಿಂದ ಕೋಚ್ ತೀರ್ಪನ್ನು ಪ್ರಶ್ನಿಸಿ ರೀಪ್ಲೇ ಕೇಳಬಹುದು. 2015ರಿಂದ ಕೊನೆಯ ಎರಡು ನಿಮಿಷಗಳ ತೀರ್ಪುಗಳಲ್ಲಿ ಸರಿಯೆಷ್ಟು ತಪ್ಪೆಷ್ಟು ಎಂಬ ವರದಿಯನ್ನು ಲೀಗ್ ಮರುದಿನ ಪ್ರಕಟಿಸುತ್ತದೆ. ಈ ವರದಿಯನ್ನು ನಿಲ್ಲಿಸಿ ಎಂದು ರೆಫರಿಗಳ ಸಂಘ 2016ರಲ್ಲೇ ಕೇಳಿತ್ತು, ಅವರ ಸಂಕಟ ಅರ್ಥವಾಗುವಂಥದೇ. ಸೋತ ತಂಡಕ್ಕೆ ಮರುದಿನದ ಸತ್ಯದಿಂದ ಒಂದು ಅಂಕವೂ ಮರಳುವುದಿಲ್ಲ, ರೆಫರಿಗೆ ಮಾತ್ರ ಮುಂದಿನ ಊರಿನಲ್ಲಿ ಬೈಗುಳ ಕಾದಿರುತ್ತದೆ. ರೀಪ್ಲೇ ಕಡಿಮೆ ಮಾಡಿರುವುದು ಕೆಲವು ತಪ್ಪುಗಳನ್ನು, ಮಾತನ್ನಲ್ಲ. ಪರದೆ ನೋಡಿ ಬಂದ ಮುಖ್ಯ ರೆಫರಿ ಈಗ ಮೈಕ್ ಹಿಡಿದು ತೀರ್ಪನ್ನೂ ಕಾರಣವನ್ನೂ ಇಡೀ ಕ್ರೀಡಾಂಗಣಕ್ಕೆ ಹೇಳುತ್ತಾರೆ. ಹಿಂದೆ ಮೇಜಿಗೂ ಇಬ್ಬರು ಕೋಚ್‌ಗಳಿಗೂ ಒಪ್ಪಿಸಿದರೆ ಆಗುತ್ತಿದ್ದ ವಿವರಣೆಯನ್ನು ಈಗ ಸಾವಿರಾರು ಜನರೆದುರು ತೊದಲದೆ ಎರಡು ವಾಕ್ಯದಲ್ಲಿ ಹೇಳುವುದೂ ಅವರ ಕೆಲಸಕ್ಕೆ ಸೇರಿಕೊಂಡಿದೆ.