ಗವಾಕ್ಷಿ ಮುಚ್ಚಿತು, ಕಿಟಕಿ ಹಿಗ್ಗಿತು

ರಬಕವಿ-ಬನಹಟ್ಟಿಯ ಹಳೆಯ ಓಣಿಗಳಲ್ಲಿ ಬೀದಿಗೆ ಮುಖ ಮಾಡಿದ ಕಿಟಕಿಗಳು ಕಡಿಮೆ, ಇದ್ದವೂ ಸಣ್ಣವು. ಬೇಸಿಗೆಯ ಝಳ, ಧೂಳು, ಕಳ್ಳರ ಭಯ ಮೂರನ್ನೂ ದಪ್ಪ ಗೋಡೆಯೇ ತಡೆಯಬೇಕಿತ್ತು. ಬೆಳಕು ಇಳಿಯುತ್ತಿದ್ದುದು ಮೇಲಿನಿಂದ, ಮಣ್ಣಿನ ಮಾಳಿಗೆಯ ಗವಾಕ್ಷಿಯಿಂದ. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದನ್ನು ಮುಚ್ಚಬೇಕಿತ್ತು.

ಆದರೆ ನೇಕಾರನಿಗೆ ಆ ಬೆಳಕಷ್ಟೇ ಸಾಲದು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನ ಕಣ್ಣು ನೆಲದಿಂದ ಹೆಚ್ಚು ಎತ್ತರದಲ್ಲಿರುವುದಿಲ್ಲ. ಕಡಿದ ಎಳೆ ಕಾಣಲು ಪಕ್ಕದಿಂದ ಬೆಳಕು ಬೇಕು, ಒಣಗಾಳಿ ಮಾತ್ರ ನುಗ್ಗಬಾರದು. ತೇವ ಆರಿದ ಹತ್ತಿ ನೂಲು ಪಟಪಟನೆ ಹರಿಯುತ್ತದೆ. ಇದಕ್ಕೆ ಹೊಂದುತ್ತಿದ್ದುದು ನಾಲ್ಕು ಪಡಕಿನ ಕಿಟಕಿ: ಕೆಳಗಿನೆರಡು, ಮೇಲಿನೆರಡು, ಪ್ರತಿಯೊಂದಕ್ಕೂ ಬೇರೆ ಅಗಳಿ. ಕೆಳಗಿನವನ್ನು ಮುಚ್ಚಿ ಮೇಲಿನವನ್ನು ತೆಗೆದರೆ ಮನೆಯ ಮರ್ಯಾದೆಯೂ ಉಳಿಯಿತು, ಸೆಕೆಯೂ ಹೊರಗೆ ಹೋಯಿತು. ಬಡಗಿಯ ಈ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳಲ್ಲಿ ಉಳ್ಳವರ ವಾಡೆಗಳಿಗೆ ಸಾಗವಾನಿಯ ಚೌಕಟ್ಟು ಬಂತು. ಆಮೇಲೆ ಆರ್‌ಸಿಸಿ. ಅಲ್ಲಿಯೇ ನಿಜವಾದ ತಿರುವು. ಸ್ಲ್ಯಾಬ್ ಬಿದ್ದ ಮೇಲೆ ಗವಾಕ್ಷಿ ಹೋಯಿತು, ಅದರ ಕೆಲಸವೆಲ್ಲ ಗೋಡೆಯ ಕಿಟಕಿಯ ಮೇಲೆ ಬಿತ್ತು. ಈಗ ಮರದ ಕಿಟಕಿಯ ಜಾಗಕ್ಕೆ ಅಲ್ಯೂಮಿನಿಯಂ ಸ್ಲೈಡಿಂಗ್ ಬರುತ್ತಿದೆ. ಗೆದ್ದಲಿಲ್ಲ, ಬಣ್ಣದ ಖರ್ಚಿಲ್ಲ, ನಿಜ. ಆದರೆ ಎರಡು ಹಳಿಯ ಸ್ಲೈಡಿಂಗ್ ತೆರೆಯುವುದು ಅರ್ಧ ಮಾತ್ರ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್‌ಗೆ ಅರ್ಧ ಕಿಟಕಿ ಏನೂ ಸಾಲದು. ಹಳೆಯ ಮರದ ಚೌಕಟ್ಟಿನ ಬುಡ ಮಾತ್ರ ಕೊಳೆತಿದ್ದರೆ ಅಷ್ಟನ್ನೇ ಕೊಯ್ದು ಹೊಸ ಕಟ್ಟಿಗೆ ಕೂಡಿಸಬಹುದು, ಇಡೀ ಕಿಟಕಿ ಕೀಳಬೇಕಿಲ್ಲ.

ಇದೇ ಜಿಲ್ಲೆಯ ಬಾದಾಮಿ, ಐಹೊಳೆಯಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿನ ಮನೆಯ ರಿಪೇರಿಗೂ ಅನುಮತಿ ಬೇಕು. ನೇಕಾರರ ಓಣಿಗೆ ಅಂಥ ಕಾವಲಿಲ್ಲ.

ಕಾವಲಿಲ್ಲದ ಕಿಟಕಿಗಳು ಚದುರುವುದನ್ನು ನಾವು ಒಮ್ಮೆ ಕಂಡಿದ್ದೇವೆ. ಆಲಮಟ್ಟಿ ಜಲಾಶಯದ ನೀರು 519.60 ಮೀಟರ್ ಮಟ್ಟಕ್ಕೆ ಏರಿದಾಗ ಬೀಳಗಿ ತಾಲ್ಲೂಕಿನ ಹಿನ್ನೀರಿನ ಊರುಗಳು ಖಾಲಿಯಾದವು. ಮುಳುಗುವ ಮನೆಯಿಂದ ಜನ ಬಾಗಿಲು, ಕಿಟಕಿ, ತೊಲೆ ಕಿತ್ತು ತಂದರು. ಕೆಲವು ಹೊಸ ಮನೆಗೆ ಕೂತವು, ಹಲವು ಹಳೆ ಸಾಮಾನಿನ ವ್ಯಾಪಾರಿಗಳ ಪಾಲಾದವು. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 524.256 ಮೀಟರ್ ಮಟ್ಟಕ್ಕೆ ಒಪ್ಪಿಗೆ ಕೊಟ್ಟಿದೆ. ಇನ್ನಷ್ಟು ಊರು ಏಳಬೇಕಾದೀತು. ಈ ಸಲ ಕಿಟಕಿ ಕೀಳುವ ಮೊದಲು ಅದರ ಅಳತೆ ಹಿಡಿದು, ಚಿತ್ರ ಬರೆದು, ಯಾವ ಓಣಿಯ ಯಾವ ಮನೆಯದೆಂದು ದಾಖಲಿಸಬೇಕು. ಪರಿಹಾರದ ಸರ್ವೆಗೆ ಬರುವವರೇ ಇದನ್ನೂ ಮಾಡಬಹುದು.