ಪದವಿ ತರಗತಿಯ ಹಕ್ಕಿ ಲೆಕ್ಕ

ಪದವಿ ವಿದ್ಯಾರ್ಥಿಗಳ ಪರಿಸರ ಸಂಶೋಧನೆಯೆಂದರೆ ಅಂಕಕ್ಕಾಗಿ ಗೀಚಿದ ಪ್ರಾಜೆಕ್ಟ್ ವರದಿ ಎಂಬ ತಾತ್ಸಾರ ನಮ್ಮಲ್ಲಿದೆ. ಆದರೆ ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ 942 ಪ್ರಭೇದಗಳ ಸ್ಥಿತಿಯನ್ನು ಅಳೆದದ್ದು, ಸುಮಾರು 30,000 ಪಕ್ಷಿವೀಕ್ಷಕರು ಇ-ಬರ್ಡ್ ಎಂಬ ಜಾಲತಾಣಕ್ಕೆ ಒಪ್ಪಿಸಿದ 3 ಕೋಟಿ ದಾಖಲೆಗಳಿಂದ. ಫೆಬ್ರವರಿಯ ಕ್ಯಾಂಪಸ್ ಹಕ್ಕಿ ಗಣತಿಯಲ್ಲಿ ಕಾಲೇಜು ಹುಡುಗ ಹುಡುಗಿಯರು ಬರೆಯುವ ಪಟ್ಟಿಗಳೂ ಇದೇ ಕಣಜ ಸೇರುತ್ತವೆ. ಕಲಿಯುವವರು ತಪ್ಪು ಗುರುತಿಸುವುದಿಲ್ಲವೇ? ಗುರುತಿಸುತ್ತಾರೆ, ಅದಕ್ಕೇ ಆ ಊರಿಗೆ, ಆ ತಿಂಗಳಿಗೆ ಒಗ್ಗದ ದಾಖಲೆಯನ್ನು ತಂತ್ರಾಂಶ ತಡೆದು ಪ್ರಶ್ನಿಸುತ್ತದೆ, ಅನುಭವಿಗಳು ಪರಿಶೀಲಿಸುತ್ತಾರೆ. ನಿಜವಾದ ತೊಡಕು ಬೇರೆ: ಮೂರು ವರ್ಷಕ್ಕೆ ವಿದ್ಯಾರ್ಥಿ ಹೊರಟುಹೋಗುತ್ತಾನೆ, ಹಕ್ಕಿಗಳ ಏರಿಳಿತ ತಿಳಿಯಲು ದಶಕವಾದರೂ ಬೇಕು. ಕಾಲೇಜು ಮಾತ್ರ ಅಲ್ಲೇ ಇರುತ್ತದಲ್ಲ! ಪ್ರತಿ ತಂಡಕ್ಕೂ ಹೊಸ ವಿಷಯ ಹುಡುಕಿಸುವ ವಿಚಿತ್ರ ಪದ್ಧತಿ ಬಿಟ್ಟು, ಅದೇ ಕೆರೆ, ಅದೇ ಮರಗಳ ಲೆಕ್ಕವನ್ನು ಕಿರಿಯರ ಕೈಗೆ ದಾಟಿಸಲು ಅಧ್ಯಾಪಕರು ಈ ವರ್ಷವೇ ಮುಂದಾಗಲಿ.